ಹೆಸರಿನ ಮೇಲಿನ ಗೆರೆ

ಹಾಗೆ ಆಗಿರಲಾರದು ಎಂದು ಓಸ್ತೊಯಾನಿಗೆ ಖಾತ್ರಿಯಿತ್ತು. ಖಾತ್ರಿಯಿದ್ದೂ ಬೆಳಗಿನಿಂದ ಮೂರನೆಯ ಸಲ ಮೇಜಿನ ಖಾನೆ ಎಳೆದು ನೋಡಿದ. ಶುದ್ಧಪ್ರತಿ ಅಲ್ಲೇ ಇತ್ತು. ನೂರ ಆರು ಹಾಳೆ, ಸುತ್ತ ನೀಲಿ ದಾರ, ಅವನೇ ಹಾಕಿದ ಎರಡು ಗಂಟು. ಶುದ್ಧಪ್ರತಿ ಇಲ್ಲೇ ಇದೆಯೆಂದ ಮೇಲೆ ನಿನ್ನೆ ಮಧ್ಯಾಹ್ನ ಚುನಾವಣೆ ನಡೆಸಲು ಬಂದ ವಿದೇಶಿ ನಿಯೋಗದ ದುಭಾಷಿ ಹುಡುಗಿ ಬೋಯಾನಾ ಬಂದು ಒಯ್ದದ್ದು ಯಾವುದು? ಆ ಹೊತ್ತಿನಲ್ಲಿ ಅವನು ಕಚೇರಿಯಲ್ಲಿರಲಿಲ್ಲ. ಮಾರನೆಯ ದಿನ ಸತ್ತವರ ಶನಿವಾರ. ಪ್ರಾರ್ಥನೆಯಲ್ಲಿ ಓದಬೇಕಾದ ಹೆಸರುಗಳ ಚೀಟಿಯನ್ನು ಪಾದ್ರಿಗೆ ಕೊಟ್ಟುಬರಲು ಚರ್ಚಿಗೆ ಹೋಗಿದ್ದ. ಚೀಟಿಯಲ್ಲಿ ಎಂದಿನಂತೆ ಎರಡು ಸಾಲು, ಎಡಕ್ಕೆ ಬದುಕಿರುವವರು, ಬಲಕ್ಕೆ ತೀರಿಕೊಂಡವರು. ಮರಳಿ ಬಂದಾಗ ಮೇಜಿನ ಮೇಲಿನ ಕಟ್ಟು ಇರಲಿಲ್ಲ; ಅದರ ಜಾಗದಲ್ಲಿ ಒಂದು ತುಂಡು ಕಾಗದ, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ, ‘ಮತದಾರರ ಪಟ್ಟಿ ಒಯ್ದಿದ್ದೇನೆ, ನಿಮ್ಮ ಶ್ರಮಕ್ಕೆ ಧನ್ಯವಾದ.’ ಧನ್ಯವಾದ ಎಂಬ ಆ ಮಾತನ್ನು ಓದಿ ಅವನಿಗೆ ಸಂತೋಷವೇ ಆಗಿತ್ತು. ಈ ಊರಿನಲ್ಲಿ ಗುಮಾಸ್ತನಿಗೆ ಧನ್ಯವಾದ ಹೇಳಿದವರು ಯಾರಿದ್ದರು? ಆ ಸಂತೋಷದಲ್ಲಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದ. ಆ ನಿದ್ದೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು, ಬೇರೆಯವರ ಮನೆಯಲ್ಲಿ ಮೈಮರೆತು ಮಲಗಿ ಎದ್ದವನ ಹಾಗೆ.

ಅವಳು ಒಯ್ದದ್ದು ಕರಡು ಪ್ರತಿ. ಅವನ ಕೈಬರಹದ ಗುರುತುಗಳೆಲ್ಲ ಇದ್ದ ಪ್ರತಿ. ಯುದ್ಧಕ್ಕೆ ಮೊದಲು ಊರಲ್ಲಿದ್ದವರೆಲ್ಲರ ಹೆಸರುಗಳು ಅದರಲ್ಲಿದ್ದವು, ಹೊಳೆಯ ಈಚೆಯವು, ಓಡಿಹೋಗಿ ಈಗ ಬೆಟ್ಟದಾಚೆ ಇರುವವರವು, ಎಲ್ಲ. ಬೋಸ್ನಿಯಾದಲ್ಲಿ ಗುಂಡು ನಿಂತು ಎರಡನೆಯ ಬೇಸಿಗೆ. ಓಡಿಸಲ್ಪಟ್ಟವರೂ ತಮ್ಮ ಹಳೆಯ ಊರಿನ ಚುನಾವಣೆಗೇ ಮತ ಹಾಕಬಹುದೆಂದು ದೊಡ್ಡವರು ಯಾವುದೋ ದೇಶದ ಯಾವುದೋ ಮೇಜಿನ ಸುತ್ತ ಕುಳಿತು ಒಪ್ಪಿ ಸಹಿ ಹಾಕಿದ್ದರು. ಅದಕ್ಕಾಗಿ ಪಟ್ಟಿ. ಪಟ್ಟಿಯಿಂದ ಸತ್ತವರನ್ನು ತೆಗೆಯುವುದು ಓಸ್ತೊಯಾನ ಕೆಲಸ. ಇಪ್ಪತ್ತಾರು ವರ್ಷದಿಂದ ಅವನು ಮಾಡಿದ್ದು ಅದೇ ಕೆಲಸ: ಹೆಸರಿನ ಮೇಲೆ ಒಂದು ತೆಳು ಗೆರೆ, ಪಕ್ಕದಲ್ಲಿ ಸತ್ತ ತಾರೀಖು. ಬಳಸುತ್ತಿದ್ದದ್ದು ನೇರಳೆ ಪೆನ್ಸಿಲ್, ಒಣಗಿದ್ದಾಗ ಬೂದುಬಣ್ಣ, ಒದ್ದೆಯಾದರೆ ನೇರಳೆ, ರಬ್ಬರಿಗೆ ಬಗ್ಗುವುದಿಲ್ಲ. ಕರಡಿನಲ್ಲಿ ಅಂಥ ಇನ್ನೂರ ಹನ್ನೆರಡು ಗೆರೆಗಳಿದ್ದವು. ಇನ್ನೂರ ಹನ್ನೊಂದಕ್ಕೆ ಮರಣಪತ್ರ ಬೀರುವಿನಲ್ಲಿತ್ತು. ಒಂದಕ್ಕೆ ಇರಲಿಲ್ಲ. ನಲವತ್ತೊಂದನೆಯ ಹಾಳೆ, ಒಂಬತ್ತನೆಯ ಸಾಲು, ನಿಯಾಜ್, ಪಕ್ಕದಲ್ಲಿ 11. 6. 92. ಕಾನೂನಿನ ಲೆಕ್ಕದಲ್ಲಿ ನಿಯಾಜ್ ಸತ್ತವನಲ್ಲ, ಕಾಣೆಯಾದವನು. ಅವನು ಸತ್ತ ತಾರೀಖು ತಿಳಿದಿರಬೇಕಾದರೆ ಅವತ್ತು ಅಲ್ಲಿ ಇದ್ದಿರಬೇಕು.

ಬೇಕೆಂದು ಎಳೆದ ಗೆರೆಯಲ್ಲ ಅದು. ಒಂಬತ್ತು ವರ್ಷ ನಿಯಾಜ್ ಇದೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಆ ಚಿಕ್ಕ ಮೇಜಿನಲ್ಲಿ ಕುಳಿತ ಕಿರಿಯ ಗುಮಾಸ್ತ. ಪ್ರತಿ ಜನವರಿಯಲ್ಲಿ ಒಲೆ ಉರಿಸಿ, ಬಾಗಿಲು ಹಾಕಿಕೊಂಡು ಇಬ್ಬರೂ ಪಟ್ಟಿಗೆ ಕೂರುತ್ತಿದ್ದರು. ಓದುವುದು ನಿಯಾಜನ ಕೆಲಸ, ಗೆರೆ ಎಳೆಯುವುದು ಓಸ್ತೊಯಾನದು. ನಿಯಾಜನ ಓದಿನಲ್ಲಿ ಒಂದು ಲಯವಿತ್ತು, ಹೆಸರು ಹೇಳಿ ಒಂದು ಉಸಿರು ನಿಲ್ಲುವನು. ಆ ಉಸಿರಿನಷ್ಟು ಹೊತ್ತಿನಲ್ಲಿ ಗೆರೆ ಮುಗಿಯಬೇಕು. ಈ ಏಪ್ರಿಲಿನಲ್ಲಿ ಪಟ್ಟಿಗೆ ಕೂತಾಗ ಓದುವವರು ಇರಲಿಲ್ಲ. ಆದರೂ ಓಸ್ತೊಯಾನಿಗೆ ನಿಯಾಜನ ಓದು ಕೇಳಿಸುತ್ತಿತ್ತು. ಅದಕ್ಕೆ ಅವನು ಹೆದರಲಿಲ್ಲ, ಇಷ್ಟು ವರ್ಷ ಕೇಳಿದ ಕಿವಿ ಸುಮ್ಮನಿದ್ದೀತೇ ಎಂದುಕೊಂಡ. ಹೆಸರು, ಉಸಿರು, ಗೆರೆ. ಹೆಸರು, ಉಸಿರು, ಗೆರೆ. ಓದುವ ದನಿ ಅದೇ ಲಯದಲ್ಲಿ ತನ್ನ ಹೆಸರನ್ನೂ ಓದಿತು, ಒಂದು ಉಸಿರು ನಿಂತಿತು, ಕೈ ತನ್ನ ಕೆಲಸ ಮಾಡಿತು. ತಾರೀಖನ್ನೂ ಬರೆಯಿತು. ಮೂರು ಸಾಲು ಮುಂದೆ ಹೋದ ಮೇಲೆ ಅವನಿಗೆ ತಿಳಿದದ್ದು. ರಬ್ಬರಿನಿಂದ ಉಜ್ಜಿದ. ಬೆರಳಿಗೆ ಉಗುಳು ಮುಟ್ಟಿಸಿ ಉಜ್ಜಿದ, ಗೆರೆ ನೇರಳೆಗೆ ತಿರುಗಿ ಹಾಳೆಯಲ್ಲಿ ಇಳಿಯಿತು. ಆಮೇಲೆಯೇ ಶುದ್ಧಪ್ರತಿ ಮಾಡಲು ಕುಳಿತದ್ದು, ಹತ್ತೊಂಬತ್ತು ದಿನ, ಟೈಪ್‌ರೈಟರಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ. ಕರಡನ್ನು ಅವತ್ತೇ ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ಈಗ ಎದುರು ಬಂದು ನಿಂತಿತು. ಓಸ್ತೊಯಾ ಅದರ ಮುಖ ನೋಡದೆ ಶುದ್ಧಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಬೀದಿಯಲ್ಲಿ ಹೆಂಗಸರು ತಟ್ಟೆಗಳಲ್ಲಿ ಬೇಯಿಸಿದ ಗೋಧಿಯನ್ನು ಬಿಳಿ ಬಟ್ಟೆ ಮುಚ್ಚಿ ಸ್ಮಶಾನದ ಕಡೆ ಒಯ್ಯುತ್ತಿದ್ದರು. ಗಾಳಿಯಿರಲಿಲ್ಲ. ಹೊಳೆಯ ಮೇಲೆ ಕೂಡ ಗಾಳಿಯಿರಲಿಲ್ಲ, ನೀರು ನಿಂತ ಹಾಗಿತ್ತು. ಎದುರಿಗೆ ಅವನ ಹೆಂಡತಿ ಸ್ತಾನಾ ಸಿಕ್ಕಳು, ತಟ್ಟೆ ಹಿಡಿದು, ಕಪ್ಪು ರುಮಾಲು ಕಟ್ಟಿಕೊಂಡು.

“ಎಲ್ಲಿಗೆ ಹೊರಟ್ರಿ ಈ ಹೊತ್ನಲ್ಲಿ? ಅಪ್ಪ ಅಮ್ಮಂಗೆ ದೀಪ ಹಚ್ಚೋದಿಲ್ವಾ?”

“ಸಂಜೆ ಬರ್ತೀನಿ ಕಣೆ. ಕೆಲಸ ಇದೆ.”

“ಸತ್ತೋರು ಕಾಯ್ತಾರೆ ಬಿಡಿ, ಅವರಿಗೇನು ಅವಸರ. ನೀವು ಊಟಕ್ಕಾದ್ರೂ ಬನ್ನಿ.” ಹೋಗುತ್ತಿದ್ದವಳು ತಿರುಗಿ ಅವನ ಮುಖ ನೋಡಿದಳು. “ಹಲ್ಲು ನೋವಾ?”

ಹೌದು ಎಂದ. ಐದು ವರ್ಷದಿಂದ ಅವಳು ಆಗಾಗ ಕೇಳುವುದು, ಅವನು ಹೌದೆನ್ನುವುದು. ಚರ್ಚಿನಲ್ಲಿ ದೀಪ ಹಚ್ಚುವ ಕಡೆ ಎರಡು ಮರಳಿನ ತಟ್ಟೆಗಳಿವೆ, ಮೇಲಿನದು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ಐದು ವರ್ಷದಿಂದ ಓಸ್ತೊಯಾ ಅಪ್ಪ ಅಮ್ಮನಿಗೆಂದು ಕೆಳಗೆ ಎರಡು ಮೇಣದ ಬತ್ತಿ ಹಚ್ಚಿ, ಯಾರೂ ನೋಡದಾಗ ಮೇಲೆ ಒಂದನ್ನು ಹಚ್ಚುತ್ತಿದ್ದ. ಕಾನೂನಿನ ಪ್ರಕಾರ ಕಾಣೆಯಾದವನು ಬದುಕಿರುವವನೇ. ಬೇರೆ ಮತದವನಿಗೆ ಇಲ್ಲಿ ದೀಪ ಹಚ್ಚಬಹುದೇ ಎಂದು ಪಾದ್ರಿಯನ್ನು ಅವನು ಕೇಳಿರಲಿಲ್ಲ. ಬದುಕಿಲ್ಲದವನಿಗೆ ಮೇಲೆ ಹಚ್ಚಬಹುದೇ ಎಂದು ದೇವರನ್ನೂ ಕೇಳಿರಲಿಲ್ಲ. ದೇವರು ಕಚೇರಿಯವನಲ್ಲ, ಚೀಟಿ ನೋಡಿ ಸುಮ್ಮನಾಗುವುದಿಲ್ಲ ಎಂಬುದು ಗೊತ್ತಿದ್ದರೂ ಹಚ್ಚುತ್ತಿದ್ದ. ಆ ಒಂದು ಬತ್ತಿ ಪ್ರತಿ ಸಲವೂ ಸರಿಯಾಗಿ ಉರಿಯುತ್ತಿತ್ತು. ಉರಿಯದೆ ಹೋಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಗ್ನಿಶಾಮಕ ದಳದ ಸಭಾಂಗಣದ ಮುಂದೆ ವಿದೇಶಿ ಸೈನಿಕರ ಎರಡು ಬಿಳಿ ಗಾಡಿ ನಿಂತಿದ್ದವು. ಅವುಗಳ ನಡುವೆ, ಬೆಟ್ಟದಾಚೆಯಿಂದ ಬಂದ ಬಸ್ಸು; ಅದರ ಒಂದು ಕಿಟಕಿ ಒಡೆದು ಗಾಜು ಜೇಡನ ಬಲೆಯಾಗಿತ್ತು, ದಾರಿಯಲ್ಲಿ ಯಾರೋ ಕಲ್ಲು ಬೀಸಿದ್ದರು. ಊರಿನ ಮದುವೆಗಳೆಲ್ಲ ನಡೆಯುತ್ತಿದ್ದ ಹಾಲ್ ಅದು. ಓಸ್ತೊಯಾನ ಮದುವೆಯೂ, ನಿಯಾಜನ ಮದುವೆಯೂ. ಆ ಜೂನಿನಲ್ಲಿ ಹನ್ನೊಂದು ದಿನ ಗಂಡಸರನ್ನು ಕೂಡಿಹಾಕಿದ್ದೂ ಇಲ್ಲೇ. ಈಗ ಗೋಡೆಯ ಉದ್ದಕ್ಕೂ ಹಾಳೆಗಳು, ಮೇಲೆ ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿನ ಮೂಲೆ ಮೂಲೆಗೂ ನಿಯೋಗದ ಮೊಹರು. ಬಾಗಿಲಿನಿಂದಲೇ ಅವನಿಗೆ ಕಂಡಿತು: ಜೆರಾಕ್ಸ್ ಮಾಡಿದ್ದರಿಂದ ಗೆರೆಗಳು ಇನ್ನಷ್ಟು ದಪ್ಪವಾಗಿ, ಕಪ್ಪಾಗಿ ಬಂದಿದ್ದವು. ದೂರದಿಂದ ನೋಡಿದರೆ ಗೋಡೆಗೆ ಇರುವೆ ಸಾಲು ಹತ್ತಿದ ಹಾಗೆ.

ನಿಯೋಗದ ಮುಖ್ಯಸ್ಥ, ಪೋರ್ಚುಗಲ್ಲಿನ ನಿವೃತ್ತ ರಾಯಭಾರಿ ತೆಲ್ಮು, ಒಂದು ಕೈ ಚಾಚಿ ಬಂದ. ಎತ್ತರದ ಮುದುಕ, ಸೆಕೆಯಲ್ಲೂ ಕೋಟು, ಮೂತ್ರಪಿಂಡದಲ್ಲಿ ಕಲ್ಲು ಇದ್ದದ್ದರಿಂದ ಯಾವಾಗಲೂ ಒಂದು ಕೈ ಸೊಂಟದ ಮೇಲೆ. ಎಲ್ಲರ ಕೈಯನ್ನೂ ಕುಲುಕುತ್ತಿದ್ದ, ಕಸ ಗುಡಿಸುವವಳದನ್ನೂ, ಪೊಲೀಸರದನ್ನೂ, ಒಂದೇ ಸಮ. ಆ ಸಮತೆ ಓಸ್ತೊಯಾನಿಗೆ ಒಮ್ಮೊಮ್ಮೆ ದೈವಿಕವೆನಿಸುತ್ತಿತ್ತು, ಒಮ್ಮೊಮ್ಮೆ ಕುರುಡೆನಿಸುತ್ತಿತ್ತು. ರಾಯಭಾರಿಯ ಮಾತನ್ನು ಬೋಯಾನಾ ಅನುವಾದಿಸಿದಳು.

“ಅದ್ಭುತ ಕೆಲಸ ಅಂತಿದಾರೆ ಸಾರ್. ಗೆರೆ, ತಾರೀಖು ಎಲ್ಲಾ ಕಾಣೋ ಹಾಗಿದೆ, ಏನೂ ಮುಚ್ಚಿಟ್ಟಿಲ್ಲ, ಬೇರೆ ಊರಿನೋರಿಗೆಲ್ಲ ಇದನ್ನೇ ತೋರಿಸ್ತಾರಂತೆ.”

“ಅದು ಕರಡು ಕಣಮ್ಮಾ,” ಎಂದ ಓಸ್ತೊಯಾ, ಕಂಕುಳಿನ ಕಟ್ಟನ್ನು ಮುಂದೆ ಚಾಚಿ. “ಶುದ್ಧಪ್ರತಿ ಇದು. ತಪ್ಪಿ ಬೇರೇದು ತಗೊಂಡೋಗಿದೀಯ. ಇದನ್ನ ಹಾಕ್ಬಿಡೋಣ, ಅರ್ಧ ಗಂಟೆ ಕೆಲಸ.”

ಹುಡುಗಿಯ ಮುಖ ಬಿಳಿಚಿತು. ತನ್ನ ತಪ್ಪನ್ನು ಅವಳು ತನ್ನ ಬಾಯಿಂದಲೇ ಅನುವಾದಿಸಿ ಹೇಳಬೇಕಾಯಿತು. ರಾಯಭಾರಿ ತಲೆದೂಗುತ್ತ ಕೇಳಿಸಿಕೊಂಡ, ಅವಳ ಭುಜ ತಟ್ಟಿದ, ಆಮೇಲೆ ಮೃದುವಾಗಿ ಏನೋ ಹೇಳಿದ.

“ಒಂದ್ಸಲ ಗೋಡೆ ಮೇಲೆ ಬಂದದ್ದು ಹದಿನಾಲ್ಕು ದಿನ ಗೋಡೆ ಮೇಲೇ ಇರ್ಬೇಕಂತೆ. ಯಾರಾದ್ರೂ ಬದಲಾಯಿಸಿದ್ರೆ, ಒಳ್ಳೇದಕ್ಕೇ ಬದಲಾಯಿಸಿದ್ರೂ, ನಾಳೆ ಜನ ನಂಬಲ್ವಂತೆ. ಏನೇ ತಪ್ಪಿದ್ರೂ ಆಕ್ಷೇಪಣೆ ಫಾರಂ ತುಂಬಿ ಪೆಟ್ಟಿಗೆಗೆ ಹಾಕ್ಬೇಕು. ಪೆಟ್ಟಿಗೆ ಇವತ್ತು ಸಂಜೆ ಸೈನಿಕರ ಗಾಡೀಲಿ ರಾಜಧಾನಿಗೆ ಹೋಗುತ್ತೆ.” ದನಿ ತಗ್ಗಿಸಿದಳು. “ಕ್ಷಮಿಸಿ ಸಾರ್. ದೊಡ್ಡ ತಪ್ಪೇನಾದ್ರೂ ಇದೆಯಾ ಅದ್ರಲ್ಲಿ?”

“ಇಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ.”

ಗೋಡೆಯ ಹತ್ತಿರ, ಬೆನ್ನ ಹಿಂದೆ ಕೈ ಕಟ್ಟಿ, ಒಂದೊಂದೇ ಹಾಳೆಯ ಮುಂದೆ ನಿಂತು ಓದುತ್ತ ಬರುತ್ತಿದ್ದವನು ಮಿಲೆಂಕೊ. ಠಾಣೆಯ ಮುಖ್ಯಸ್ಥ. ಭದ್ರತೆಗೆಂದು ಅವನು ಅಲ್ಲಿರಲೇಬೇಕೆಂದು ಒಪ್ಪಂದದಲ್ಲೇ ಇತ್ತು. ಅವನು ಮೂವತ್ತಾರನೆಯ ಹಾಳೆಯಲ್ಲಿದ್ದ. ಓದುವ ಅಭ್ಯಾಸ ಕಡಿಮೆ, ತುಟಿ ಅಲುಗುತ್ತಿತ್ತು. ಓಸ್ತೊಯಾ ಹೋಗಿ ನಲವತ್ತೊಂದನೆಯ ಹಾಳೆಗೆ ಬೆನ್ನು ಕೊಟ್ಟು ನಿಂತ. ನಿಂತ ಮೇಲೆ, ತಾನು ಹೀಗೆ ನಿಂತದ್ದೇ ಹಾಳೆಯತ್ತ ಬೊಟ್ಟು ಮಾಡಿದ ಹಾಗಾಯಿತಲ್ಲ ಎನಿಸಿತು. ಬೆನ್ನಿಗೆ ಪ್ಲಾಸ್ಟಿಕ್ ಅಂಟಿತು.

“ಏನ್ ಗುಮಾಸ್ತರೇ, ಗೋಡೆ ಬಿದ್ಹೋಗುತ್ತೆ ಅಂತ ಹಿಡ್ಕೊಂಡಿದೀರಾ?”

“ಸೆಕೆ ಮಿಲೆಂಕೊ. ಗೋಡೆ ತಂಪಾಗಿದೆ.”

“ತಂಪಾಗೇ ಇರುತ್ತೆ ಈ ಹಾಲ್. ನೆನಪಿದೆಯಲ್ಲ.” ನಕ್ಕ. “ಇನ್ನೂರು ಜನ ಸತ್ತವ್ರೆ ನೋಡಿ ನಮ್ಮೂರಲ್ಲಿ. ಎಲ್ಲಾರ ತಾರೀಖೂ ನೆನಪಿಟ್ಕೊಂಡಿದೀರಲ್ಲ. ನನ್ಗೆ ನನ್ ಹೆಂಡ್ತಿ ಹುಟ್ಟಿದಬ್ಬಾನೇ ನೆನಪಿರಲ್ಲ.”

“ಪತ್ರ ನೋಡಿ ಬರೆದದ್ದು.”

“ಅಯ್ಯೋ, ನಾನೇನಂದೆ? ಹೊಗಳ್ದೆ ಕಣ್ರೀ.” ಮೂವತ್ತೇಳನೆಯ ಹಾಳೆಗೆ ಸರಿದ.

ನೆನಪಿದೆಯಲ್ಲ ಎಂದ. ಆಗ ಮಿಲೆಂಕೊ ಪೊಲೀಸನಲ್ಲ, ಗರಗಸದ ಮಿಲ್ಲಿನವನು, ಹೊಸದಾಗಿ ಬಂದೂಕು ಬಂದಿತ್ತು. ಕಚೇರಿಗೆ ಬಂದು, ಬಸ್ಸಿಗೆ ಹತ್ತುವವರ ಹೆಸರು ಓದಬೇಕು, ಲೆಕ್ಕ ತಪ್ಪಬಾರದು, ಬನ್ನಿ ಎಂದಿದ್ದ. ಅಷ್ಟೆ. ಯಾರೂ ಓಸ್ತೊಯಾನ ತಲೆಗೆ ಏನೂ ಹಿಡಿದಿರಲಿಲ್ಲ. ಹಿಡಿದಿದ್ದರೆ ಎಂದು ಎಷ್ಟೋ ಸಲ ಅವನು ಆಸೆಪಟ್ಟಿದ್ದಾನೆ. ಅವನು ಟೈ ಸರಿಮಾಡಿಕೊಂಡು ಹೋದ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹದಿನೇಳು ಹೆಸರು ಓದಿದ. ಎರಡನೆಯ ಸೀಟಿನಲ್ಲಿ ಕುಳಿತಿದ್ದ ನಿಯಾಜ್, ಗಡ್ಡ ಬೆಳೆದು, ಆದರೂ ಕಚೇರಿಯಲ್ಲಿದ್ದ ಹಾಗೆಯೇ ತುಸು ಮುಂದಕ್ಕೆ ಬಾಗಿ, “ಇವತ್ತು ನೀವೇ ಓದ್ತಿದೀರಾ ಸಾರ್? ಹಾಗಾದ್ರೆ ಗೆರೆ ಯಾರು ಎಳೀತಾರೆ?” ಎಂದ. ಹಾಸ್ಯಕ್ಕೆ ಅಂದದ್ದು, ಕೈದಿಗಳ ಅದಲುಬದಲಿಗೆ ಒಯ್ಯುತ್ತಿದ್ದಾರೆ ಎಂದು ಅವರಿಗೆ ಹೇಳಿದ್ದರು. ಓಸ್ತೊಯಾ ನಕ್ಕ. ಆ ನಗು ಈಗಲೂ ಅವನ ಮುಖದಲ್ಲಿ ಎಲ್ಲೋ ಉಳಿದುಬಿಟ್ಟಿದೆ, ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಒಮ್ಮೊಮ್ಮೆ ಕಾಣುತ್ತದೆ. ಇಳಿಯುವಾಗಲೂ ಲೆಕ್ಕ ಸರಿಯಿರಬೇಕು, ನೀವೂ ಬನ್ನಿ ಎಂದ ಮಿಲೆಂಕೊ. ಬಸ್ಸು ಕಾಮೆನಿತ್ಸಾ ತಿರುವಿನಲ್ಲಿ ಹಳೆಯ ಸುಣ್ಣದ ಗೂಡಿನ ಹತ್ತಿರ ನಿಂತಿತು. ಎಲ್ಲರೂ ಇಳಿದ ಮೇಲೆ ಓಸ್ತೊಯಾ ಖಾಲಿ ಬಸ್ಸಿನಲ್ಲಿ ಕುಳಿತು ಕಣ್ಣು ಮುಚ್ಚಿದ. ಕಿವಿ ಮುಚ್ಚಬೇಕಿತ್ತು, ಕಣ್ಣು ಮುಚ್ಚಿದ. ಮಧ್ಯಾಹ್ನದ ಬಿಸಿಲು, ಜೇನುಹುಳುಗಳು, ಕಿಟಕಿಯಲ್ಲಿ ಕಾಡುಗುಲಾಬಿ. ಆಮೇಲೆ ಮಿಲೆಂಕೊ ಬಂದು ತನ್ನ ಕೋಟನ್ನು ಅವನ ತೊಡೆಯ ಮೇಲೆ ಎಸೆದು, “ಹಿಡ್ಕೊಳ್ರಿ, ಸುಣ್ಣ ಆಗುತ್ತೆ,” ಎಂದ. ಊರು ಮುಟ್ಟುವ ತನಕ ಓಸ್ತೊಯಾ ಆ ಕೋಟನ್ನು ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ.

“ಓಸ್ತೊಯಾ! ಓಸ್ತೊಯಾ ಅಲ್ವೇನಪ್ಪಾ ನೀನು?”

ಹೂವಿನ ರುಮಾಲು ಕಟ್ಟಿದ ಮುದುಕಿಯೊಬ್ಬಳು ಜನರ ನಡುವಿನಿಂದ ಕೋಲೂರಿಕೊಂಡು ಬರುತ್ತಿದ್ದಳು. ನಿಯಾಜನ ತಾಯಿ ರಾಬಿಯಾ. ಅವನು ಎಣಿಸಿದ್ದಕ್ಕಿಂತ ಚಿಕ್ಕವಳಾಗಿದ್ದಳು, ಬಟ್ಟೆಯೊಳಗೆ ಕುಗ್ಗಿಹೋದ ಹಾಗೆ.

“ಎಷ್ಟು ಬೆಳ್ಳಗಾಗಿದೀಯೋ! ಸ್ತಾನಾ ಚೆನ್ನಾಗಿದಾಳಾ? ಆ ಕೆಂಪು ಹಸು?”

“ಹಸು ಮಾರಿದ್ವಿ ಅಮ್ಮಾ.”

“ಒಳ್ಳೇದಾಯ್ತು ಬಿಡು, ಒದೀತಿತ್ತು ಮುಂಡೇದು.” ಅವನ ಕೈ ಹಿಡಿದಳು. “ನಮ್ಮನೆ ದಾಟಿ ಬಂತು ಬಸ್ಸು. ಯಾರೋ ಇದಾರೆ ಮನೇಲಿ. ಪರದೆ ಹಾಕಿದಾರೆ, ಚೆನ್ನಾಗಿವೆ ಪರದೆಗಳು. ಇರ್ಲಿ. ನನ್ನ ಹೆಸರು ಸಿಕ್ತು, ಆ ಹುಡುಗಿ ತೋರಿಸ್ಕೊಟ್ಟಳು. ಈಗ ನನ್ನ ಮಗಂದು ಓದಿ ಹೇಳು. ನನ್ಗೆ ಅಕ್ಷರ ಬರಲ್ಲ, ನಿನ್ಗೆ ಗೊತ್ತಲ್ಲ. ಅವನ ಹೆಸರು ಇದೆ ಅಂತ ಕೇಳಿ ಹೋಗೋಣ ಅಂತಾನೇ ಬಂದದ್ದು. ಪಟ್ಟೀಲಿ ಇದ್ರೆ ಎಲ್ಲೋ ಇದಾನೆ ಅಂತಾಯ್ತಲ್ಲ, ಸರ್ಕಾರಕ್ಕೂ.”

ರಾಯಭಾರಿ ದೂರದಿಂದ ಬೆಟ್ಟದಾಚೆಯ ಈ ಮುದುಕಿ ಈಚೆಯ ಗುಮಾಸ್ತನ ಕೈ ಹಿಡಿದದ್ದನ್ನು ಕಂಡು ಮುಖವರಳಿಸಿ ನಿಂತಿದ್ದ. ಅವನು ದೇಶ ದೇಶ ತಿರುಗಿ ಕಾಯುತ್ತಿದ್ದದ್ದು ಇದಕ್ಕಾಗಿಯೇ ಇರಬೇಕು. ಬೋಯಾನಾಳಿಗೆ ಏನೋ ಹೇಳಿದ, ಅವಳು ಕ್ಯಾಮೆರಾ ತೆಗೆದಳು. ಮಿಲೆಂಕೊ ಮೂವತ್ತೊಂಬತ್ತನೆಯ ಹಾಳೆಯಲ್ಲಿದ್ದ. ಓಸ್ತೊಯಾ ಪಕ್ಕಕ್ಕೆ ಸರಿದ. ಸರಿಯದೆ ಬೇರೆ ದಾರಿಯಿರಲಿಲ್ಲ.

ಓದಿದ. ಮೊದಲನೆಯ ಸಾಲಿನಿಂದಲೇ ಓದಿದ, ಹೊತ್ತು ಕಳೆಯಲು. ಹೆಸರು, ಉಸಿರು. ಹೆಸರು, ಉಸಿರು. ಒಂಬತ್ತನೆಯದನ್ನು ಓದುವಾಗ ತನ್ನ ದನಿ ತನ್ನದಲ್ಲವೆನಿಸಿತು. “ನಿಯಾಜ್. ಹುಟ್ಟಿದ್ದು ಐವತ್ತೆಂಟು. ಗುಮಾಸ್ತ. ಇದೆ ಅಮ್ಮಾ. ಇದೆ ಹೆಸರು.”

“ದೇವರು ದೊಡ್ಡೋನು,” ಎಂದಳು ರಾಬಿಯಾ. ಅವನು ಬೆರಳಿಟ್ಟ ಕಡೆಯೇ ತನ್ನ ಬೆರಳನ್ನಿಟ್ಟು, ಮಗನ ಹುಬ್ಬು ಸವರಿದ ಹಾಗೆ ಸಾಲನ್ನು ಎಡದಿಂದ ಬಲಕ್ಕೆ ಸವರಿದಳು. ಬೆರಳು ಗೆರೆಯ ಮೇಲೇ ಹೋಯಿತು. ಗೆರೆ ಮುಗಿದ ಕಡೆ ನಿಂತಿತು. “ಇದೇನಪ್ಪಾ ಇದು? ಮೇಲಿನೋರಿಗೆ ಇಲ್ಲ.”

ಓಸ್ತೊಯಾ ತನ್ನ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.

“ಹನ್ನೊಂದು,” ಎಂದು ಓದಿದಳು ಅವಳು. ಮಂಗಳವಾರದ ಸಂತೆಯಲ್ಲಿ ನಲವತ್ತು ವರ್ಷ ಕೆನೆ ತೂಗಿ ಮಾರಿದವಳು. ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. “ಆರು. ತೊಂಬತ್ತೆರಡು.” ಸ್ವಲ್ಪ ಹೊತ್ತು ಅದನ್ನೇ ನೋಡಿದಳು. “ಹತ್ತನೇ ತಾರೀಕು ಬೂಟು ತಂದ್ಕೊಟ್ಟೆ, ಕಾವಲಿನೋನು ಇಸ್ಕೊಂಡ. ಹನ್ನೊಂದಕ್ಕೆ ರೊಟ್ಟಿ ತಂದೆ, ಇಸ್ಕೊಂಡ. ಹನ್ನೆರಡಕ್ಕೆ ತಂದಾಗ ತಟ್ಟೆ ವಾಪಸ್ ಕೊಟ್ಟ. ಇನ್ಮೇಲೆ ಬೇಡ ಅಂದ.”

ಸಭಾಂಗಣದಲ್ಲಿ ಜನ ಮಾತಾಡುತ್ತಿದ್ದರು, ಮಗುವೊಂದು ನೀರು ಕೇಳುತ್ತಿತ್ತು, ಬೋಯಾನಾಳ ಕ್ಯಾಮೆರಾ ಕ್ಲಿಕ್ಕೆಂದಿತು. ರಾಬಿಯಾ ಅವನತ್ತ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದಕ್ಕೆ ಅವನು ಸಿದ್ಧನಾಗಿರಲಿಲ್ಲ. ಐದು ವರ್ಷದಲ್ಲಿ ಈ ಮುಖವನ್ನು ಅವನು ಎಷ್ಟು ಬಗೆಯಲ್ಲಿ ಕಲ್ಪಿಸಿಕೊಂಡಿದ್ದನೋ ಅದರಲ್ಲಿ ಒಂದೂ ಇದಾಗಿರಲಿಲ್ಲ. ದೂರದ ಊರಿಂದ ಬಂದವರು ಮನೆ ಬಾಗಿಲಲ್ಲಿ ನಿಂತು, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವಂಥ ಮುಖ ಅದು.

“ಗೆರೆ ಎಳೆಯೋದು ನೀನೇ ಅಲ್ವೇನಪ್ಪಾ,” ಎಂದಳು, ಮೆಲ್ಲಗೆ.

ಆಗ ಅವನಿಗೆ ಕರಡನ್ನು ಒಲೆಗೆ ಯಾಕೆ ಹಾಕಲಿಲ್ಲ ಎಂಬುದು ತಿಳಿಯಿತು. ತಿಳಿದದ್ದು ಮಾತಿನ ರೂಪದಲ್ಲಲ್ಲ. ಬಹಳ ಹೊತ್ತು ಹೊತ್ತ ಮೂಟೆಯನ್ನು ಇಳಿಸುವ ಮುಂಚೆ ಭುಜಕ್ಕೆ ಮೊದಲೇ ತಿಳಿಯುತ್ತದಲ್ಲ, ಹಾಗೆ.

“ಬೋಯಾನಾ,” ಎಂದ, “ಒಂದು ಫಾರಂ ಕೊಡಮ್ಮಾ. ಈ ಅಮ್ಮಂದು ಆಕ್ಷೇಪಣೆ ಇದೆ.”

ಫಾರಂ ಬಂತು. ಕಿಟಕಿಯ ಹತ್ತಿರದ ಮೇಜಿಗೆ ರಾಬಿಯಾಳನ್ನು ಕೂರಿಸಿ ಓಸ್ತೊಯಾ ಎದುರಿಗೆ ಕುಳಿತ. ಅಕ್ಷರ ಬಾರದವರ ಪರವಾಗಿ ನೋಂದಣಿ ಗುಮಾಸ್ತ ತುಂಬಬಹುದು, ತುಂಬಿದ್ದನ್ನು ಹೆಬ್ಬೆಟ್ಟು ಹಾಕಿಸುವ ಮುನ್ನ ಓದಿ ಹೇಳಲೇಬೇಕು ಎಂದು ಫಾರಮಿನ ತಲೆಯಲ್ಲೇ ಅಚ್ಚಾಗಿತ್ತು. ಎಲ್ಲೋ ತಂಪು ದೇಶದಲ್ಲಿ ಕುಳಿತು ಯಾರೋ ಯೋಚಿಸಿ ಬರೆದ ಸಾಲು. ಹೆಸರು ಬರೆದ. ಆಕ್ಷೇಪಣೆಯ ಬಗೆ: ಮರಣಪತ್ರವಿಲ್ಲದೆ ಹೊಡೆದುಹಾಕಲಾಗಿದೆ. ಮುಂದಿನ ಕಲಂ: ಮತದಾರರು ಈಗಿರುವ ಸ್ಥಳ. ಅಲ್ಲಿ ಪೆನ್ನು ನಿಂತಿತು. ಕಣ್ಣಂಚಿನಲ್ಲಿ ಮಿಲೆಂಕೊ ನಲವತ್ತನೆಯ ಹಾಳೆಯಿಂದ ನಲವತ್ತೊಂದಕ್ಕೆ ಸರಿದದ್ದು ಕಂಡಿತು. ತುಟಿ ಅಲುಗಿತು. ಅಲುಗುವುದು ನಿಂತಿತು. ಓಸ್ತೊಯಾ ಬರೆದ. ಅವನ ಅಕ್ಷರ ಎಂದೂ ಇಷ್ಟು ಅಂದವಾಗಿ ಬಂದಿರಲಿಲ್ಲ. ಸಾಕ್ಷಿ ಎಂಬಲ್ಲಿ ತನ್ನ ಪೂರ್ತಿ ಹೆಸರು, ಹುದ್ದೆ, ಮನೆ ನಂಬರು ಬರೆದು ಸಹಿ ಹಾಕಿದ. ಆಮೇಲೆ ತಲೆ ತಗ್ಗಿಸಿ, ಮೇಜಿಗೆ ಕೇಳಿಸುವಷ್ಟೇ ದನಿಯಲ್ಲಿ ಓದಿದ:

“ಈಗಿರುವ ಸ್ಥಳ, ಕಾಮೆನಿತ್ಸಾ ತಿರುವು, ಹಳೆಯ ಸುಣ್ಣದ ಗೂಡು, ಒಳಗಡೆ. ಇನ್ನೂ ಹದಿನಾರು ಜನರ ಜೊತೆ. ಅವರ ಹೆಸರು ಹಿಂಬದಿಯಲ್ಲಿದೆ. ಹೆಸರು ಓದಿ ಬಸ್ಸಿಗೆ ಹತ್ತಿಸಿದವನು ಈ ಸಾಕ್ಷಿಯೇ.”

ರಾಬಿಯಾಳ ಕೈ ಮೇಜಿನ ಮೇಲಿತ್ತು. ಆ ಕೈಯನ್ನೇ ಅವನು ನೋಡುತ್ತಿದ್ದ. ಅದು ಎದ್ದು ತನ್ನ ಕೆನ್ನೆಗೆ ಬಡಿದರೆ ಎಷ್ಟು ಹಗುರವಾಗುತ್ತಿತ್ತು. ಅದು ಅಲುಗಲಿಲ್ಲ.

“ಬೂಟು ಇತ್ತಾ ಕಾಲಲ್ಲಿ?” ಎಂದಳು.

“ಇತ್ತು ಅಮ್ಮಾ.”

“ಕಂದು ಬಣ್ಣದ್ದು?”

“ಹೌದು. ಲಾಡಿ ಕಟ್ಟಿದ್ದ.”

ತಲೆಯಾಡಿಸಿದಳು. ಹೆಬ್ಬೆಟ್ಟನ್ನು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿದಳು, ಬಹಳ ಹೊತ್ತು ಎತ್ತಲಿಲ್ಲ. ಎದ್ದು ಕೋಲು ಹಿಡಿದು ಬಸ್ಸಿನ ಕಡೆ ಹೊರಟಳು. ಎರಡು ಹೆಜ್ಜೆ ಹೋಗಿ, ತಿರುಗದೆಯೇ, “ನೀನು ನನ್ಗೆ ಅಮ್ಮಾ ಅನ್ಬೇಡ ಓಸ್ತೊಯಾ,” ಎಂದಳು. ಅಷ್ಟೆ.

ಬೋಯಾನಾ ಫಾರಂ ಎತ್ತಿಕೊಂಡು ಪದ್ಧತಿಯಂತೆ ಮೇಲಿಂದ ಕೆಳಗೆ ಕಣ್ಣಾಡಿಸಿದಳು. ಅರ್ಧಕ್ಕೆ ಬಂದಾಗ ಅವಳ ಕಾಗದ ಹಿಡಿದ ಕೈ ಕೆಳಗಿಳಿಯಿತು. ರಾಯಭಾರಿ ಏನೋ ಕೇಳಿದ. ಅವಳು ಓಸ್ತೊಯಾನನ್ನು ನೋಡಿದಳು, ಅವನ ಹಿಂದೆ ಬಂದು ನಿಂತಿದ್ದವನನ್ನು ನೋಡಿದಳು, ಒಂದೇ ಒಂದು ಮಾತು ಹೇಳಿದಳು. ಅದರಲ್ಲಿ ವಿಳಾಸ ಎಂಬ ಪದ ಅವನಿಗೂ ಅರ್ಥವಾಯಿತು. ರಾಯಭಾರಿ ಮೆಚ್ಚಿ ತಲೆದೂಗಿ, ಸೊಂಟದ ಮೇಲಿನ ಕೈ ತೆಗೆದು, ಫಾರಮಿಗೆ ತಾನೇ ಮೊಹರು ಒತ್ತಿ, ಪೆಟ್ಟಿಗೆಯ ಸೀಳಿನಲ್ಲಿ ಇಳಿಬಿಟ್ಟ.

“ಬಹಳ ಬರೆದ್ರಲ್ಲ,” ಎಂದ ಮಿಲೆಂಕೊ. “ಹಿಂದೂ ಮುಂದೂ. ಏನದು?”

“ವಿಳಾಸ.”

“ಸತ್ತೋನ್ಗೆ ಎಂಥಾ ವಿಳಾಸ ಗುಮಾಸ್ತರೇ?”

“ಸತ್ತಿದಾನೆ ಅಂತ ನಿನ್ಗೆ ಯಾರು ಹೇಳಿದ್ರು ಮಿಲೆಂಕೊ?”

ಮಿಲೆಂಕೊ ನಗುತ್ತಲೇ ಇದ್ದ, ಆದರೆ ಮುಖದಲ್ಲಿ ನಗು ಒಂದನ್ನೇ ಬಿಟ್ಟು ಉಳಿದದ್ದೆಲ್ಲ ಎದ್ದುಹೋಗಿತ್ತು. ಪೆಟ್ಟಿಗೆಯ ಪಕ್ಕದ ಇಬ್ಬರು ಸೈನಿಕರನ್ನು ನೋಡಿದ. ಓಸ್ತೊಯಾನ ಕೋಟಿನ ಕಾಲರಿನ ಮೇಲಿದ್ದ ಏನನ್ನೋ, ಇಲ್ಲದ್ದನ್ನು, ಎರಡು ಬೆರಳಿನಿಂದ ತೆಗೆದು ಹಾಕಿದ. “ಬಿಸಿಲು ಜೋರಿದೆ. ನಡ್ಕೊಂಡು ಹೋಗ್ಬೇಡಿ. ಸಂಜೆ ನಾನೇ ಕಾರಲ್ಲಿ ಬಿಡ್ತೀನಿ. ಎಲ್ಲಿರ್ತೀರಾ?”

“ಚರ್ಚಲ್ಲಿ.”

“ಒಳ್ಳೇದು. ನನ್ನ ಹೆಸರಲ್ಲೂ ಒಂದು ಹಚ್ಚಿ.”

ಐದು ಗಂಟೆಗೆ ಪೆಟ್ಟಿಗೆಯನ್ನು ಬಿಳಿ ಗಾಡಿಗೆ ಏರಿಸಿದ್ದನ್ನು ಓಸ್ತೊಯಾ ಸೇತುವೆಯ ಮೇಲೆ ನಿಂತು ನೋಡಿದ. ಬಸ್ಸು ಅದರ ಹಿಂದೆಯೇ ಹೋಯಿತು. ಒಡೆದ ಕಿಟಕಿಯ ಹಿಂದೆ ಹೂವಿನ ರುಮಾಲೊಂದು ಕಂಡಂತಾಯಿತು, ತಿರುಗಲಿಲ್ಲ. ರಾಯಭಾರಿ ಮೆಟ್ಟಿಲ ಮೇಲೆ ನಿಂತು, ಬಸ್ಸು ಮರೆಯಾದ ಮೇಲೂ, ಕೈ ಬೀಸುತ್ತಲೇ ಇದ್ದ. ಹೊಳೆಯ ಮೇಲೆ ಈಗಲೂ ಗಾಳಿಯಿರಲಿಲ್ಲ. ಮನೆಗೆ ಹೋಗಿ ಸ್ತಾನಾಳಿಗೆ ಹೇಳಬೇಕೆ ಎಂದು ಯೋಚಿಸಿದ. ಹಲ್ಲುನೋವಿಗೆ ಲವಂಗ ಹುಡುಕಿಟ್ಟಿರುತ್ತಾಳೆ. ಹೋದರೆ ಹೊರಗೆ ಬರಲು ಕಾಲು ಏಳುವುದಿಲ್ಲ. ಸೀದಾ ಚರ್ಚಿಗೆ ನಡೆದ.

ಒಳಗೆ ಬೆಳಗಿನ ದೀಪಗಳು ಕರಗಿ, ಮರಳಿನ ತುಂಬ ಮೇಣದ ಕಣ್ಣೀರು ಗಟ್ಟಿಯಾಗಿತ್ತು. ಪಾದ್ರಿ ಒಳಕೋಣೆಯಲ್ಲಿ ಹೆಸರುಗಳ ಚೀಟಿಗಳನ್ನು ಓದುತ್ತಿದ್ದ, ಒಂದೇ ಉಸಿರಿಗೆ, ನಡುವೆ ಎಲ್ಲೂ ನಿಲ್ಲದೆ. ಬತ್ತಿ ಕೊಡುವ ಮುದುಕಿ ತೂಕಡಿಸುತ್ತಿದ್ದವಳು ಎದ್ದಳು.

“ಎಷ್ಟು ಕೊಡ್ಲಪ್ಪಾ? ಎಂದಿನ ಹಾಗಾ, ಕೆಳಕ್ಕೆ ಎರಡು, ಮೇಲಕ್ಕೊಂದು?” ಅವನು ಯಾರೂ ನೋಡುವುದಿಲ್ಲ ಎಂದುಕೊಂಡಿದ್ದ ಐದು ವರ್ಷವೂ ಅವಳು ನೋಡಿದ್ದಳು.

“ಇವತ್ತು ನಾಲ್ಕು ಕೊಡಿ.”

ಅಪ್ಪನದು, ಅಮ್ಮನದು ಕೆಳಗೆ ಹಚ್ಚಿದ. ಮೂರನೆಯದನ್ನು ಹಿಡಿದು, ಅಭ್ಯಾಸದಿಂದ ಮೇಲಕ್ಕೆ ಹೋದ ಕೈಯನ್ನು ತಡೆದು, ಬಗ್ಗಿ, ಕೆಳಗಿನ ಮರಳಿನಲ್ಲಿ ನೆಟ್ಟ. ನಿಯಾಜ್ ಎಂದು ಗಟ್ಟಿಯಾಗಿ ಹೇಳಿದ. ಆ ಹೆಸರು ಗೋಡೆಯ ಸಂತರನ್ನೆಲ್ಲ ಮುಟ್ಟಿ ಹಿಂತಿರುಗಿ ಬಂದಾಗ ಅದರಲ್ಲಿ ಯಾವ ಪರಕೀಯತೆಯೂ ಇರಲಿಲ್ಲ. ಬತ್ತಿ ಚಟಪಟ ಎಂದು, ಆಮೇಲೆ ಸ್ಥಿರವಾಗಿ ಉರಿಯಿತು. ಮೊದಲ ಸಲ ಅವನಿಗೆ ಅದು ಉರಿಯುವುದನ್ನು ನೋಡಲು ಸಾಧ್ಯವಾಯಿತು.

“ಆ ನಾಲ್ಕನೇದು?” ಎಂದಳು ಮುದುಕಿ. “ಅದ್ಯಾರಿಗಪ್ಪಾ? ಮೇಲಕ್ಕೋ ಕೆಳಕ್ಕೋ?”

ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಎಂಜಿನ್ ನಿಲ್ಲಿಸಲಿಲ್ಲ. ಓಸ್ತೊಯಾ ಬತ್ತಿಯನ್ನು ಪಕ್ಕದ ಜ್ವಾಲೆಯಿಂದ ಹೊತ್ತಿಸಿಕೊಂಡು, ಮೇಲಿನ ತಟ್ಟೆಯ ಖಾಲಿ ಮರಳಿನಲ್ಲಿ, ಬೀಳದ ಹಾಗೆ ಆಳವಾಗಿ ನೆಟ್ಟ.

“ನನ್ಗೇ. ಸದ್ಯಕ್ಕೆ ಮೇಲಕ್ಕೆ,” ಎಂದ.

ಹಿಂದೆ ಬಾಗಿಲು ತೆರೆಯಿತು, ಇಡೀ ದಿನ ಇಲ್ಲದ ಗಾಳಿ ಒಳಗೆ ಬಂತು, ಮೇಲಿನ ದೀಪವೂ ಕೆಳಗಿನ ದೀಪಗಳೂ ಒಂದೇ ಕಡೆಗೆ ಬಾಗಿದವು.